ಬಾನಿನ ಅರಳಿಕಟ್ಟೆ

ಕನ್ನಡನಾಡಿನಲ್ಲಿ ಅರಳಿಕಟ್ಟೆಯಿಲ್ಲದ ಊರು ವಿರಳ. ದಿನದ ದುಡಿಮೆ ಮುಗಿಸಿದ ರೈತ, ಸಂತೆಯಿಂದ ಹಿಂದಿರುಗಿದ ವ್ಯಾಪಾರಿ, ದಣಿದ ದಾರಿಹೋಕ, ಎಲ್ಲರೂ ಅಲ್ಲಿ ಒಂದಿಷ್ಟು ಹೊತ್ತು ಕುಳಿತು ಮಾತನಾಡುವರು. ಕಟ್ಟೆಯು ಯಾರೊಬ್ಬರ ಸ್ವತ್ತೂ ಅಲ್ಲ. ಅಲ್ಲಿ ಕೂರಲು ಬಾಡಿಗೆಯನ್ನು ಕೊಡಬೇಕಾಗಿಲ್ಲ. ಆದರೂ ಅದಕ್ಕೆ ಕೆಲವು ಬರೆಯದ ಕಟ್ಟಳೆಗಳುಂಟು. ಒಬ್ಬನು ಮಾತನಾಡುವಾಗ ಉಳಿದವರು ಕೇಳಬೇಕು. ಯಾರೂ ಕೂಗಾಡಿ ಇನ್ನೊಬ್ಬರ ಮಾತನ್ನು ಅಡಗಿಸಬಾರದು. ಊರಿಗೆ ಆಪತ್ತು ಬಂದಾಗ ಹರಟೆಯನ್ನು ನಿಲ್ಲಿಸಿ ಎಲ್ಲರೂ ಕೈಜೋಡಿಸಬೇಕು.

ಇಂತಹುದೇ ಒಂದು ಕಟ್ಟೆ ಇಂದು ಬಾನಿನಲ್ಲಿಯೂ ಇದೆ. ಆಫ್ರಿಕಾ ಖಂಡದ ನಡುಭಾಗದ ಮೇಲೆ, ನೆಲದಿಂದ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ ಕತಾರ್ ದೇಶದ ‘ಎಸ್‌ಹೈಲ್-2’ ಎಂಬ ಉಪಗ್ರಹ ನೆಲೆಸಿದೆ. ದೂರದರ್ಶನ ಪ್ರಸಾರ ಮೊದಲಾದ ವಾಣಿಜ್ಯ ಸೇವೆಗಳಿಗಾಗಿ ನಿರ್ಮಿತವಾದ ಈ ಉಪಗ್ರಹದ ಒಂದು ಚಿಕ್ಕ ಭಾಗವನ್ನು ಹವ್ಯಾಸಿ ರೇಡಿಯೋ ಬಳಕೆದಾರರಿಗೆಂದೇ ಮೀಸಲಿಡಲಾಗಿದೆ. ಕಪಿಲಾ ತೀರದ ನಂಜನಗೂಡಿನಿಂದಲೂ, ಕಾವೇರಿ-ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರದಿಂದಲೂ ಈ ಕಟ್ಟೆಯನ್ನು ತಲುಪಬಹುದು. ಇಂತಹ ಊರುಗಳ ಪ್ರೌಢಶಾಲೆಗಳ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಕಲಿಯಬೇಕೆ? ಕಲಿತರೆ ಪ್ರಯೋಜನವೇನು? ಇದು ವಿಚಾರಯೋಗ್ಯವಾದ ಪ್ರಶ್ನೆ.

ಉಪಗ್ರಹವೊಂದು ಆಕಾಶದಲ್ಲಿ ಒಂದೇ ಕಡೆ ನಿಂತಿದೆಯೆಂದರೆ ಸೋಜಿಗವೆನಿಸಬಹುದು. ವಾಸ್ತವವಾಗಿ ಅದು ನಿಂತಿಲ್ಲ. ಸೆಕೆಂಡಿಗೆ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಧಾವಿಸುತ್ತಿದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರಿನ ವೇಗಕ್ಕೆ ಸರಿಯಾಗಿ ಹೆಜ್ಜೆ ಹಾಕುವವನ ಪಕ್ಕದಲ್ಲಿಯೇ ತೇರು ಸದಾ ಇರುವುದಷ್ಟೆ. ಇದೂ ಹಾಗೆಯೇ. ಭೂಮಿಯು ತನ್ನ ಸುತ್ತ ಒಂದು ಬಾರಿ ತಿರುಗಲು 23 ಗಂಟೆ 56 ನಿಮಿಷ ಬೇಕು. ಸಮಭಾಜಕ ವೃತ್ತದ ಮೇಲೆ ಈ ನಿರ್ದಿಷ್ಟ ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ಉಪಗ್ರಹಕ್ಕೂ ಒಂದು ಪ್ರದಕ್ಷಿಣೆಗೆ ಅಷ್ಟೇ ಕಾಲ ಹಿಡಿಯುತ್ತದೆ. ಆದಕಾರಣ ನೆಲದ ಮೇಲಿರುವವರಿಗೆ ಅದು ಅಚಲವಾಗಿ ನಿಂತಂತೆ ತೋರುತ್ತದೆ. ಇಂತಹ ಉಪಗ್ರಹಕ್ಕೆ ಭೂಸ್ಥಿರ ಉಪಗ್ರಹವೆಂದು ಹೆಸರು.

ಈ ಎತ್ತರದಲ್ಲಿ ನೆಲೆಸಿದ ಮೂರು ನಿಲ್ದಾಣಗಳಿದ್ದರೆ ಬಹುಮಟ್ಟಿಗೆ ಇಡೀ ಭೂಮಂಡಲಕ್ಕೆ ಸಂದೇಶಗಳನ್ನು ತಲುಪಿಸಬಹುದೆಂದು ಆರ್ಥರ್ ಸಿ. ಕ್ಲಾರ್ಕ್ ಎಂಬ ಲೇಖಕನು 1945ರಲ್ಲಿಯೇ ಲೇಖನವೊಂದರಲ್ಲಿ ವಿವರಿಸಿದನು. ಆಗ ಮಾನವನು ಒಂದು ಉಪಗ್ರಹವನ್ನೂ ಹಾರಿಸಿರಲಿಲ್ಲ. ಹತ್ತೊಂಬತ್ತು ವರ್ಷಗಳ ಬಳಿಕ, 1964ರಲ್ಲಿ, ‘ಸಿಂಕಾಮ್-3’ ಎಂಬ ಉಪಗ್ರಹವು ಆ ಕಲ್ಪನೆಯನ್ನು ದಿಟವಾಗಿಸಿತು. ಭಾರತವು ನಿರ್ಮಿಸಿದ ಪ್ರಾಯೋಗಿಕ ಭೂಸ್ಥಿರ ಉಪಗ್ರಹ ‘ಆಪಲ್’ 1981ರ ಜೂನ್ 19ರಂದು ಬಾನಿಗೇರಿತು. ಬೆಂಗಳೂರಿನಲ್ಲಿ ಅದರ ಪರೀಕ್ಷೆ ನಡೆಯುತ್ತಿದ್ದಾಗ ಲೋಹದ ವಾಹನವು ಅಡ್ಡಿಯಾಗಬಾರದೆಂದು ಅದನ್ನು ಎತ್ತಿನ ಗಾಡಿಯ ಮೇಲೆ ಇರಿಸಿದ್ದರು. ಆ ಚಿತ್ರವು ಇಂದಿಗೂ ಪ್ರಸಿದ್ಧವಾಗಿದೆ. ಮರುವರ್ಷವೇ ಹಾಸನದಲ್ಲಿ ಭೂಸ್ಥಿರ ಉಪಗ್ರಹಗಳ ನಿಯಂತ್ರಣ ಕೇಂದ್ರವು ಕೆಲಸ ಮಾಡತೊಡಗಿತು. ಭೂಸ್ಥಿರ ಉಪಗ್ರಹವು ಕನ್ನಡ ನೆಲಕ್ಕೆ ಪರಕೀಯವಾದ ವಸ್ತುವಲ್ಲವೆಂಬುದಕ್ಕೆ ಇಷ್ಟು ಸಾಕು.

ಅದಕ್ಕೂ ಹಿಂದೆ, 1975-76ರಲ್ಲಿ, ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅದೊಂದು ಮಹತ್ಕಾರ್ಯವೇ ಸರಿ. ಆದರೆ ಅಲ್ಲಿ ಹಳ್ಳಿಗರು ನೋಡುವವರು, ಕೇಳುವವರು ಮಾತ್ರ ಆಗಿದ್ದರು. ಇಂದಿಗೂ ಬಹುಮಟ್ಟಿಗೆ ಸ್ಥಿತಿ ಹಾಗೆಯೇ ಇದೆ. ನಂಜನಗೂಡಿನ ಮನೆಮನೆಯ ಮಾಳಿಗೆಯ ಮೇಲೆ ಡಿಶ್ ಆಂಟೆನಾಗಳು ಬಾನಿನತ್ತ ಮುಖಮಾಡಿ ನಿಂತಿವೆ. ಅವೆಲ್ಲವೂ ಕಿವಿಗಳು, ಅವುಗಳಿಗೆ ಬಾಯಿಲ್ಲ. ಹವ್ಯಾಸಿ ರೇಡಿಯೋದ ಹಿರಿಮೆಯೆಂದರೆ ಅದು ಸಾಮಾನ್ಯನಿಗೆ ಕಿವಿಯೊಡನೆ ಬಾಯನ್ನೂ ಕೊಡುತ್ತದೆ.

ಹವ್ಯಾಸಿ ಎಂದೊಡನೆ ‘ಅರೆಬರೆ ಬಲ್ಲವನು’ ಎಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಹಣದ ಆಸೆಯಿಲ್ಲದೆ, ವಿದ್ಯೆಯ ಮೇಲಿನ ಪ್ರೀತಿಯಿಂದ ದುಡಿಯುವವನೇ ಹವ್ಯಾಸಿ. ‘ಹ್ಯಾಮ್’ ಎಂದು ಕರೆಯಲ್ಪಡುವ ರೇಡಿಯೋ ಹವ್ಯಾಸಿಯು ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಪರವಾನಗಿಯನ್ನೂ ತನಗೇ ಮೀಸಲಾದ ಕರೆಸಂಕೇತವನ್ನೂ ಪಡೆದಿರುತ್ತಾನೆ. ಅವನು ತನ್ನ ಯಂತ್ರದಿಂದ ವ್ಯಾಪಾರ ಮಾಡುವಂತಿಲ್ಲ, ಗುಪ್ತಭಾಷೆಯಲ್ಲಿ ನುಡಿಯುವಂತಿಲ್ಲ. ಮೊದಲನೆಯ ಉಪಗ್ರಹವಾದ ‘ಸ್ಪುಟ್ನಿಕ್’ ಹಾರಿದ್ದು 1957ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1961ರ ಡಿಸೆಂಬರ್ 12ರಂದು, ಕ್ಯಾಲಿಫೋರ್ನಿಯಾದ ಹವ್ಯಾಸಿಗಳು ತಾವೇ ಕಟ್ಟಿದ ‘ಆಸ್ಕರ್-1’ ಎಂಬ ಪುಟ್ಟ ಉಪಗ್ರಹವು ಕಕ್ಷೆಯನ್ನು ಸೇರಿ, ಮೋರ್ಸ್ ಸಂಕೇತದಲ್ಲಿ ಜಗತ್ತಿಗೆ ನಮಸ್ಕಾರ ಹೇಳಿತು. ಹವ್ಯಾಸಿಗಳ ಸಾಮರ್ಥ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಭಾರತವೂ ಈ ಕ್ಷೇತ್ರದಲ್ಲಿ ಹಿಂದೆ ಬೀಳಲಿಲ್ಲ. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋಗ್ರಾಂ ತೂಕದ ಉಪಗ್ರಹವನ್ನು ಹವ್ಯಾಸಿಗಳಿಗಾಗಿಯೇ ಹಾರಿಸಲಾಯಿತು. ಅದರಲ್ಲಿದ್ದ ಎರಡು ಪುನಃಪ್ರೇಷಕಗಳಲ್ಲಿ ಒಂದನ್ನು ಭಾರತೀಯರು ರಚಿಸಿದ್ದರೆ, ಇನ್ನೊಂದನ್ನು ನೆದರ್‌ಲೆಂಡ್ಸ್ ದೇಶದ ವಿದ್ಯಾರ್ಥಿಯೊಬ್ಬನು ರಚಿಸಿದ್ದನು. ಸುಮಾರು ಒಂಬತ್ತು ವರ್ಷ ಸೇವೆ ಸಲ್ಲಿಸಿದ ಆ ಉಪಗ್ರಹವು 2014ರಲ್ಲಿ ಮೌನವಾಯಿತು. ಅದು ಕೆಳಗಿನ ಕಕ್ಷೆಯಲ್ಲಿ ಸುತ್ತುತ್ತಿದ್ದುದರಿಂದ ಒಂದು ಊರಿನ ಆಕಾಶದಲ್ಲಿ ಪ್ರತಿ ಸಲವೂ ಕೆಲವು ನಿಮಿಷಗಳಷ್ಟೇ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಬಂದು ಹೋಗುವ ಬಸ್ಸಿಗೆ ಕಾದು ನಿಂತಂತೆ ಹವ್ಯಾಸಿಗಳು ಅದಕ್ಕಾಗಿ ಕಾಯಬೇಕಾಗಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವಿಷಯದಲ್ಲಿಯೂ ಇದೇ ಮಾತು. 2025ರ ಜುಲೈ ತಿಂಗಳಲ್ಲಿ ಶುಭಾಂಶು ಶುಕ್ಲಾ ಅವರು ಆ ನಿಲ್ದಾಣದಿಂದ ಹವ್ಯಾಸಿ ರೇಡಿಯೋ ಮೂಲಕ ಭಾರತದ ವಿದ್ಯಾರ್ಥಿಗಳೊಡನೆ ಮಾತನಾಡಿದಾಗ ಆ ಸಂಭಾಷಣೆಯೂ ನಿಮಿಷಗಳ ಮಿತಿಯಲ್ಲಿಯೇ ಮುಗಿಯಿತು.

ಎಸ್‌ಹೈಲ್-2 ಈ ಮಿತಿಯನ್ನು ದಾಟಿತು. 2018ರ ನವೆಂಬರ್ 15ರಂದು ಹಾರಿದ ಈ ಉಪಗ್ರಹವು ಹವ್ಯಾಸಿಗಳಿಗೆ ದೊರೆತ ಮೊತ್ತಮೊದಲನೆಯ ಭೂಸ್ಥಿರ ನೆಲೆ. ಕತಾರಿನ ಮತ್ತು ಜರ್ಮನಿಯ ಹವ್ಯಾಸಿಗಳ ಪ್ರಯತ್ನದ ಫಲವಾದ ಈ ಸೌಲಭ್ಯಕ್ಕೆ ‘ಆಸ್ಕರ್-100’ ಎಂಬ ಹೆಸರಿಟ್ಟು, 2019ರ ಫೆಬ್ರುವರಿಯಲ್ಲಿ ಬಳಕೆಗೆ ತೆರೆಯಲಾಯಿತು. ಪಶ್ಚಿಮದಲ್ಲಿ ಬ್ರೆಜಿಲ್‌ನಿಂದ ಪೂರ್ವದಲ್ಲಿ ಥಾಯ್ಲೆಂಡ್‌ವರೆಗೆ ಭೂಮಂಡಲದ ಮೂರನೆಯ ಒಂದರಷ್ಟು ಭಾಗ ಇದರ ದೃಷ್ಟಿಯೊಳಗಿದೆ. ಅಂಟಾರ್ಕ್ಟಿಕದಲ್ಲಿರುವ ಜರ್ಮನಿಯ ಸಂಶೋಧನಾ ನಿಲ್ದಾಣದವರೂ ಈ ಕಟ್ಟೆಗೆ ಬಂದು ಮಾತನಾಡುವುದುಂಟು. ಕಟ್ಟೆ ಹಗಲಿರುಳೂ ತೆರೆದಿರುತ್ತದೆ.

ನಂಜನಗೂಡಿನಲ್ಲಿ ನಿಂತು ಈ ಉಪಗ್ರಹವನ್ನು ಹುಡುಕುವವನು ಪಶ್ಚಿಮಕ್ಕೆ ತಿರುಗಿ, ಸ್ವಲ್ಪ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು ಮೂವತ್ತು ಡಿಗ್ರಿ ಮೇಲೆ ನೋಡಬೇಕು. ಸರ್ಕಾರದ ಉಚಿತ ದೂರದರ್ಶನ ವಾಹಿನಿಗಳ ಡಿಶ್‌ಗಳು ಆಗ್ನೇಯದತ್ತ, ಬಲು ಎತ್ತರಕ್ಕೆ ಮುಖಮಾಡಿರುತ್ತವೆ. ಅಂತಹದೇ ಒಂದು ಡಿಶ್ ಅನ್ನು ಪಶ್ಚಿಮಕ್ಕೆ ತಿರುಗಿಸಿ, ಅದರ ಕೋಲಿನ ತುದಿಯ ಗ್ರಾಹಕಕ್ಕೆ ತಕ್ಕ ರೇಡಿಯೋ ಉಪಕರಣವನ್ನೂ ಗಣಕಯಂತ್ರವನ್ನೂ ಜೋಡಿಸಿದರೆ ಕಟ್ಟೆಯ ಮಾತುಗಳು ಕೇಳಿಸುತ್ತವೆ. ಉಪಗ್ರಹವು ನೆಲದಿಂದ 2,400 ಮೆಗಾಹರ್ಟ್ಸ್ ಸುಮಾರಿನ ತರಂಗಗಳನ್ನು ಸ್ವೀಕರಿಸಿ, ಅವನ್ನು 10,489 ಮೆಗಾಹರ್ಟ್ಸ್ ಸುಮಾರಿಗೆ ಬದಲಾಯಿಸಿ ಹಿಂದಕ್ಕೆ ಕಳುಹಿಸುತ್ತದೆ. ಮಾತನಾಡಲು ಕೆಲವೇ ವ್ಯಾಟ್ ಶಕ್ತಿಯ ಪ್ರೇಷಕ ಸಾಕು. ನುಡಿದವನ ಧ್ವನಿ ಮೇಲೇರಿ ಕೆಳಗಿಳಿಯುವಷ್ಟರಲ್ಲಿ ಸುಮಾರು 77,000 ಕಿಲೋಮೀಟರ್ ಕ್ರಮಿಸುತ್ತದೆ. ಅದಕ್ಕೆ ತಗಲುವ ಕಾಲ ಸೆಕೆಂಡಿನ ನಾಲ್ಕನೆಯ ಒಂದು ಭಾಗ. ತನ್ನ ಮಾತು ಅಷ್ಟು ದೂರ ಹೋಗಿ ಬಂದುದನ್ನು ಮಾತನಾಡುವವನು ತನ್ನ ಕಿವಿಯಿಂದಲೇ ಕೇಳಬಹುದು. ಬೆಳಕಿನ ವೇಗವನ್ನು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೆ ಇದಕ್ಕಿಂತ ಮಿಗಿಲಾದ ಪ್ರಯೋಗ ಯಾವುದು?

ಈ ಕಟ್ಟೆಗೂ ಕಟ್ಟಳೆಗಳಿವೆ. ಉಪಗ್ರಹಕ್ಕೆ ದೊರೆಯುವ ಶಕ್ತಿ ಸೂರ್ಯನಿಂದ ಬಂದುದು, ಅದು ಮಿತವಾದುದು. ಒಬ್ಬನು ಅತಿ ಬಲದಿಂದ ತರಂಗವನ್ನು ಕಳುಹಿಸಿದರೆ ಉಳಿದವರ ಪಾಲು ಕುಗ್ಗುತ್ತದೆ. ಆದುದರಿಂದ ಉಪಗ್ರಹದ ಮೂಲಕ ಸದಾ ಕೇಳಿಬರುವ ಮಾರ್ಗದರ್ಶಕ ಸಂಕೇತಕ್ಕಿಂತ ಯಾರ ಧ್ವನಿಯೂ ಬಲವಾಗಿರಬಾರದೆಂಬ ನಿಯಮವಿದೆ. ಈ ನಿಯಮವನ್ನು ಮೀರಿದವನನ್ನು ‘ಲೀಲಾ’ ಎಂಬ ಎಚ್ಚರಿಕೆಯ ವ್ಯವಸ್ಥೆ ಪತ್ತೆಹಚ್ಚಿ, ಅವನ ಧ್ವನಿಯ ಮೇಲೆಯೇ ಸೈರನ್ನಿನಂತಹ ಸದ್ದನ್ನು ಮೂಡಿಸುತ್ತದೆ. ಆಗ ಅವನು ತಾನಾಗಿಯೇ ತನ್ನ ಯಂತ್ರದ ಬಲವನ್ನು ತಗ್ಗಿಸಬೇಕು. ಹಂಚಿಕೊಂಡು ಬಾಳುವ ಪೌರಧರ್ಮವನ್ನು ಇದು ಉಪದೇಶದ ಮೂಲಕ ಬೋಧಿಸದೆ ಅನುಭವದ ಮೂಲಕ ಕಲಿಸುತ್ತದೆ. ಊರಿನ ಕಟ್ಟೆಯಿಂದ ಕೆಲವರನ್ನು ದೂರವಿಟ್ಟ ಕಾಲವೊಂದಿತ್ತೆಂಬುದನ್ನು ಮರೆಯಲಾಗದು. ಬಾನಿನ ಕಟ್ಟೆಯಲ್ಲಿ ಜಾತಿ, ಸಿರಿತನ, ಪದವಿಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕರೆಸಂಕೇತವೇ ಹೆಸರು, ಸೌಜನ್ಯವೇ ಯೋಗ್ಯತೆ.

ಇಷ್ಟೆಲ್ಲ ವಿದ್ಯೆ ನದೀತೀರದ ಊರುಗಳಿಗೆ ಏಕೆ ಬೇಕು? ಉತ್ತರವನ್ನು ನದಿಯೇ ಹೇಳುತ್ತದೆ. ವಯನಾಡಿನ ಬೆಟ್ಟಗಳಲ್ಲಿ ಮಳೆ ಸುರಿದರೆ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬುತ್ತದೆ. ಜಲಾಶಯದಿಂದ ನೀರನ್ನು ಬಿಟ್ಟರೆ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಕಪಿಲೆ ಉಕ್ಕಿ ಹರಿದು ತಗ್ಗಿನ ಬಡಾವಣೆಗಳಿಗೆ ನುಗ್ಗಿತು. 2019ರ ಆಗಸ್ಟಿನಲ್ಲಿ ಮೈಸೂರು-ನಂಜನಗೂಡು ಹೆದ್ದಾರಿಯ ಮೇಲೂ ನೀರು ನಿಂತು ಸಂಚಾರ ಕಡಿದುಹೋಯಿತು. ತಿರುಮಕೂಡಲು ನರಸೀಪುರದಲ್ಲಂತೂ ಎರಡು ನದಿಗಳು ಕೂಡುವುದರಿಂದ ಎರಡರ ಪ್ರವಾಹವೂ ಒಟ್ಟಿಗೆ ಬರುವ ಭಯವಿದೆ.

ಕೈಯಲ್ಲಿ ದೂರವಾಣಿಯಿರುವಾಗ ಭಯವೇಕೆಂದು ಕೆಲವರು ಕೇಳಬಹುದು. ಮೊಬೈಲ್ ದೂರವಾಣಿಯು ಒಂದು ಸರಪಣಿಯ ಕೊನೆಯ ಕೊಂಡಿ. ಅದರ ಹಿಂದೆ ಗೋಪುರವಿದೆ, ಗೋಪುರಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತು ಹೋದರೆ ಬ್ಯಾಟರಿ ಬೇಕು, ಬ್ಯಾಟರಿ ಮುಗಿದರೆ ಡೀಸೆಲ್ ಬೇಕು, ಡೀಸೆಲ್ ತರಲು ರಸ್ತೆ ಬೇಕು. ನೆಲದಡಿಯ ತಂತಿಯೊಂದು ಕೊಚ್ಚಿಹೋದರೂ ಸಾಕು, ಮಾತು ನಿಲ್ಲುತ್ತದೆ. ಸಂಗಮದ ಕುಂಭಮೇಳದಂತಹ ಜನಜಾತ್ರೆಯಲ್ಲಿ ಎಲ್ಲವೂ ಸರಿಯಾಗಿದ್ದರೂ ಕರೆಗಳ ನೂಕುನುಗ್ಗಲಿನಿಂದಲೇ ದೂರವಾಣಿ ಮೂಕವಾಗಬಹುದು. ವಾಹನದ ಬ್ಯಾಟರಿಯಿಂದ ನಡೆಯುವ ಹವ್ಯಾಸಿ ನಿಲಯಕ್ಕಾದರೋ ನಡುವೆ ಯಾವ ಗೋಪುರವೂ ಬೇಡ. ಆಕಾಶ ತೆರೆದಿದ್ದರೆ ಸಾಕು.

ಇಲ್ಲಿ ಒಂದು ವಿವೇಕದ ಮಾತನ್ನು ಸೇರಿಸಬೇಕು. ನಂಜನಗೂಡಿಗೂ ನರಸೀಪುರಕ್ಕೂ ಗೆರೆ ಎಳೆದಂತೆ ಅಳೆದರೆ ಇರುವ ಅಂತರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಇಷ್ಟು ಸಮೀಪದ ಮಾತಿಗೆ ಎತ್ತರದಲ್ಲಿ ಕಟ್ಟಿದ ಆಂಟೆನಾ ಮತ್ತು ಸಾಮಾನ್ಯ ಹವ್ಯಾಸಿ ರೇಡಿಯೋ ಸಾಕು, ಉಪಗ್ರಹವೇ ಆಗಬೇಕೆಂದಿಲ್ಲ. ಬೆಟ್ಟಗುಡ್ಡಗಳ ಆಚೆಗೆ, ದೂರದ ರಾಜಧಾನಿಗೆ ಸುದ್ದಿ ಮುಟ್ಟಿಸಬೇಕಾದಾಗ ಉಪಗ್ರಹದ ನೆರವು ಬೇಕಾಗುತ್ತದೆ. ಅಂಗಳ ಗುಡಿಸಲು ಪೊರಕೆ, ಹೊಲ ಉಳಲು ನೇಗಿಲು. ಯಾವ ಕೆಲಸಕ್ಕೆ ಯಾವ ಸಾಧನವೆಂದು ಅರಿತವನೇ ನಿಜವಾದ ಕುಶಲಿ.

ಆಪತ್ಕಾಲದಲ್ಲಿ ಹವ್ಯಾಸಿಗಳು ಮಾಡಿದ ಸೇವೆಗೆ ನಿದರ್ಶನಗಳು ಹಲವು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡವು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿ ನಿಲಯವೊಂದನ್ನು ಹೂಡಿತ್ತು. ಡಿಸೆಂಬರ್ 26ರಂದು ಭೂಕಂಪವೂ ಸುನಾಮಿಯೂ ಅಪ್ಪಳಿಸಿ ಸಂಪರ್ಕಗಳು ಕಡಿದುಹೋದಾಗ, ಆ ನಿಲಯವೇ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸುವ ದಾರಿಯಾಯಿತು. ಅಲ್ಲಿ ಬಳಕೆಯಾದುದು ಉಪಗ್ರಹವಲ್ಲ, ಹ್ರಸ್ವತರಂಗದ ರೇಡಿಯೋ. ಆದರೆ ಅದರಿಂದ ಕಲಿಯಬೇಕಾದ ಪಾಠ ಎಲ್ಲ ಸಾಧನಗಳಿಗೂ ಅನ್ವಯಿಸುತ್ತದೆ. ಯಂತ್ರವು ಆಪತ್ತಿಗೆ ಮೊದಲೇ ಸಿದ್ಧವಾಗಿತ್ತು. ಅದನ್ನು ನಡೆಸುವ ಕೈಗಳು ಮೊದಲೇ ಪಳಗಿದ್ದವು. ನೆರೆ ಬಂದ ದಿನ ಈಜು ಕಲಿಯಲಾಗದು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಹುಟ್ಟಿದ್ದು ಇಂತಹ ಅನುಭವದಿಂದಲೇ ಅಲ್ಲವೆ?

ಆದಕಾರಣ ಈ ಕಲಿಕೆಗೆ ಪ್ರೌಢಶಾಲೆಯೇ ತಕ್ಕ ಸ್ಥಳ. ಭಾರತದಲ್ಲಿ ಹನ್ನೆರಡು ವರ್ಷ ತುಂಬಿದವರು ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕೂರಬಹುದು. ಎಂದರೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕರೆಸಂಕೇತವನ್ನು ಪಡೆಯುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಪರವಾನಗಿಯ ದರ್ಜೆ ಯಾವುದಕ್ಕೆ ಅನುಮತಿ ನೀಡುವುದೋ ಅದನ್ನಷ್ಟೇ ಬಳಸಬೇಕು. ಮೊದಲು ಕೇಳುವುದನ್ನು ಕಲಿತು, ಅನಂತರ ನುಡಿಯಲು ತೊಡಗಬೇಕು. ಓಮನ ನಿಯಮ, ತರಂಗಗಳ ಗುಣ, ಅಕ್ಷಾಂಶ-ರೇಖಾಂಶಗಳು, ತ್ರಿಕೋನಮಿತಿ, ಇವೆಲ್ಲವೂ ಪಠ್ಯದ ಪುಟದಿಂದ ಎದ್ದು ಶಾಲೆಯ ಮಾಳಿಗೆಯ ಮೇಲೆ ನಿಲ್ಲುತ್ತವೆ. ಡಿಶ್ ಅನ್ನು ಎಷ್ಟು ಕೋನಕ್ಕೆ ಎತ್ತಬೇಕೆಂದು ಲೆಕ್ಕ ಹಾಕಿ, ಎತ್ತಿ, ಧ್ವನಿಯನ್ನು ಕೇಳಿದ ವಿದ್ಯಾರ್ಥಿ ಆ ಲೆಕ್ಕವನ್ನು ಮರೆಯಲಾರ.

ಹಣವೆಲ್ಲಿಂದ ಬರಬೇಕೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಕೊಠಡಿ, ಶೌಚಾಲಯ, ಅಧ್ಯಾಪಕರಿಲ್ಲದ ಶಾಲೆಗೆ ಅವೇ ಮೊದಲು ಬೇಕು. ಆದರೆ ಪ್ರತಿ ಶಾಲೆಗೂ ಒಂದೊಂದು ನಿಲಯವಿರಬೇಕೆಂದು ಯಾರೂ ಹೇಳುವುದಿಲ್ಲ. ತಾಲ್ಲೂಕಿಗೊಂದರಂತೆ ಸ್ಥಾಪಿಸಿ, ಸುತ್ತಲಿನ ಶಾಲೆಗಳ ಆಸಕ್ತ ಮಕ್ಕಳು ಸರದಿಯಂತೆ ಬಂದು ಕಲಿಯುವ ಏರ್ಪಾಡು ಮಾಡಬಹುದು. ಕೇಳುವ ಭಾಗಕ್ಕೆ ತಗಲುವ ವೆಚ್ಚವು ಅಲ್ಪ. ಪ್ರೇಷಕಕ್ಕೆ ಹೆಚ್ಚು ಹಣ ಬೇಕಾದರೂ ಅದು ಇಡೀ ತಾಲ್ಲೂಕಿನ ಸ್ವತ್ತಾಗಿ ಉಳಿಯುತ್ತದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಈ ಉಪಗ್ರಹ ಪರದೇಶದ್ದು. ಕಕ್ಷೆಯಲ್ಲಿ ನೆಲೆನಿಲ್ಲಿಸುವ ಇಂಧನ ಮುಗಿದ ದಿನ ಅದರ ಆಯುಷ್ಯವೂ ಮುಗಿಯುತ್ತದೆ. ಪರರ ಕಟ್ಟೆಯನ್ನೇ ನೆಚ್ಚಿ ಕೂರಬಹುದೆ? ಕೂರಬಾರದು ನಿಜ. ಹ್ಯಾಮ್‌ಸ್ಯಾಟನ್ನು ಕಟ್ಟಿದ ದೇಶವು ತಾನು ಹಾರಿಸುವ ಭೂಸ್ಥಿರ ಉಪಗ್ರಹವೊಂದರಲ್ಲಿ ಹವ್ಯಾಸಿಗಳಿಗೆ ಕಿರಿದಾದ ಸ್ಥಳವನ್ನು ಮೀಸಲಿಡುವುದು ಉಚಿತ. ಆದರೆ ಬಳಸಬಲ್ಲವರು ಇಲ್ಲದಿದ್ದರೆ ಅಂತಹ ಬೇಡಿಕೆಗೆ ಬಲ ಬಾರದು. ಇಂದು ಇರುವ ಕಟ್ಟೆಯಲ್ಲಿ ಕಲಿತವರೇ ನಾಳೆ ಸ್ವಂತ ಕಟ್ಟೆಯನ್ನು ಕಟ್ಟಬಲ್ಲರು.

ಮೈಸೂರು ಸೀಮೆಗೆ ಇದು ಹೊಸ ಸಾಹಸವೇನೂ ಅಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಕಿರಿಯ ಪ್ರೇಷಕವೊಂದನ್ನು ಇಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯದ ಹೆಸರೇ ‘ಆಕಾಶವಾಣಿ’. ಸರ್ಕಾರವು ಅದನ್ನು ವಹಿಸಿಕೊಂಡಿದ್ದು 1942ರಲ್ಲಿ. ಮನೆಯೊಂದರಲ್ಲಿ ಹುಟ್ಟಿದ ಆ ಹೆಸರು ಮುಂದೆ ಭಾರತದ ಬಾನುಲಿಗೇ ಹೆಸರಾಯಿತು. ಅಧ್ಯಾಪಕರೊಬ್ಬರ ಆಸಕ್ತಿಯಿಂದ ಅಷ್ಟು ದೊಡ್ಡ ಕಾರ್ಯಕ್ಕೆ ಬೀಜ ಬಿದ್ದಿರುವಾಗ, ಅದೇ ಜಿಲ್ಲೆಯ ಎರಡು ಊರುಗಳ ಶಾಲೆಗಳಲ್ಲಿ ಇಂತಹ ಪ್ರಯತ್ನ ಅಸಾಧ್ಯವೆನ್ನುವುದು ಸರಿಯೆ?

ಯಂತ್ರಗಳನ್ನು ಕೊಳ್ಳುವುದು ಸುಲಭ. ಅವುಗಳ ಒಳಗನ್ನು ಅರಿಯುವುದು ಕಷ್ಟ. ಕೊಂಡದ್ದು ಕೆಟ್ಟರೆ ಕೊಂಡವನು ಅಂಗಡಿಯತ್ತ ನೋಡುತ್ತಾನೆ. ಕಲಿತವನು ತನ್ನ ಕೈಗಳತ್ತ ನೋಡುತ್ತಾನೆ. ಮುಂದಿನ ಮಳೆಗಾಲಗಳಲ್ಲಿಯೂ ಕಪಿಲೆ ತುಂಬಿ ಹರಿಯುತ್ತಾಳೆ; ಕಾವೇರಿಯೂ ಅವಳನ್ನು ಕೂಡುತ್ತಾಳೆ. ಆ ದಿನಗಳಲ್ಲಿ ರಸ್ತೆ ಮುಚ್ಚಿ, ದೀಪ ಆರಿ, ದೂರವಾಣಿ ಮೌನವಾದರೆ, ‘ನಂಜನಗೂಡಿನಿಂದ ಕರೆ’ ಎಂದು ಶಾಂತವಾಗಿ, ಸ್ಪಷ್ಟವಾಗಿ ನುಡಿಯಬಲ್ಲ ಕೆಲವರಾದರೂ ಅಲ್ಲಿರಬೇಕು. ಅವರು ಇಂದು ಶಾಲೆಯ ಮಣೆಗಳ ಮೇಲೆ ಕುಳಿತಿರುವ ಮಕ್ಕಳೇ ಆಗಿರಬೇಕು.